ಮಿನಿ ಸ್ಕ್ರೂ ಹಿಡಿತ: ವಿನ್ಯಾಸ ಓದುವುದು, ಅಳೆಯುವುದು, ರೋಗಿಗೆ ಆರಿಸುವುದು

ಮುಂದೆ ಚಾಚಿಕೊಂಡ ಬಾಚಿಹಲ್ಲುಗಳನ್ನು ಹಿಂದಕ್ಕೆ ಎಳೆಯಬೇಕು. ದವಡೆಹಲ್ಲನ್ನು ಆಸರೆ ಮಾಡಿಕೊಂಡು ಎಳೆದರೆ ಅದೂ ಒಂದಿಷ್ಟು ಮುಂದಕ್ಕೆ ಜರುಗುತ್ತದೆ. ಕ್ಲಿಪ್ ಚಿಕಿತ್ಸೆಯ ಈ ಹಳೇ ತಲೆನೋವಿಗೆ ಸಿಕ್ಕ ಮದ್ದು ಮಿನಿ ಸ್ಕ್ರೂ. ಒಂದೂವರೆ ಮಿಲಿಮೀಟರ್ ದಪ್ಪದ ಲೋಹದ ಸ್ಕ್ರೂ ಒಂದನ್ನು ನೇರ ಮೂಳೆಗೇ ಕೂರಿಸಿ ಅದರಿಂದ ಎಳೆಯುವುದು, ಕೆಲಸ ಮುಗಿದ ಮೇಲೆ ಬಿಚ್ಚಿ ತೆಗೆಯುವುದು. 1983ರಲ್ಲಿ ಕ್ರೀಕ್‌ಮೋರ್ ಮತ್ತು ಎಕ್ಲುಂಡ್ ಒಬ್ಬ ರೋಗಿಯ ಮೂಗಿನ ಬುಡದ ಮೂಳೆಗೆ ಸ್ಕ್ರೂ ಹಾಕಿ ಬಾಚಿಹಲ್ಲುಗಳನ್ನು ಮೇಲಕ್ಕೆತ್ತಿ ತೋರಿಸಿದರು. 1997ರಲ್ಲಿ ಜಪಾನಿನ ಕನೋಮಿ 1.2 ಮಿ.ಮೀ. ದಪ್ಪದ ಸ್ಕ್ರೂ ಬಳಸಿದ ಮೇಲೆ ಇದು ಎಲ್ಲ ಕಡೆ ಹರಡಿತು.

ಆದರೂ ನೂರರಲ್ಲಿ ಹತ್ತು ಹದಿನೈದು ಸ್ಕ್ರೂ ಚಿಕಿತ್ಸೆಯ ನಡುವೆಯೇ ಸಡಿಲವಾಗುತ್ತವೆ. 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಈ ಸೋಲಿನ ಪ್ರಮಾಣ ಶೇ. 13.5 ಎಂದು ಬಂತು. ಹಾಗಾಗಿ ಬೆಂಗಳೂರಿನ ಡೆಂಟಲ್ ಕಾಲೇಜುಗಳಲ್ಲಿ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಓದುವ ಹುಡುಗ ಹುಡುಗಿಯರು ವರ್ಷ ವರ್ಷವೂ 'ಯಾವ ವಿನ್ಯಾಸದ ಸ್ಕ್ರೂ ಹೆಚ್ಚು ಹಿಡಿತ ಕೊಡುತ್ತದೆ' ಎಂಬ ವಿಷಯ ಎತ್ತಿಕೊಂಡು ಟೆಸ್ಟಿಂಗ್ ಲ್ಯಾಬ್‌ಗಳ ಬಾಗಿಲಿಗೆ ಬರುತ್ತಾರೆ. ನಾನು ಮೆಕ್ಯಾನಿಕಲ್ ಕಡೆಯವನು, ಅವರ ಸ್ಯಾಂಪಲ್‌ಗಳನ್ನು ಮೆಷಿನ್ ಮೇಲೆ ಎಳೆದು ಕೊಡುವವನು. ಈ ಬರಹ ಅವರಿಗಾಗಿ; ಜೊತೆಗೆ, ಪೆಟ್ಟಿಗೆ ಮೇಲಿನ ಜಾಹೀರಾತು ನೋಡಿ ಸ್ಕ್ರೂ ಕೊಳ್ಳಲು ಮನಸ್ಸೊಪ್ಪದ ವೈದ್ಯರಿಗಾಗಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ. ಅತಿ ಹೆಚ್ಚು ಹಿಡಿತ ಕೊಡುವ ಸ್ಕ್ರೂ ಹುಡುಕುವುದು ತಪ್ಪು ಹುಡುಕಾಟ. ಸಾಕಷ್ಟು ಹಿಡಿಯಬೇಕು, ಮೂಳೆಯನ್ನು ಜಜ್ಜಬಾರದು, ತಾನೂ ಮುರಿಯಬಾರದು. ಈ ಮೂರೂ ಒಟ್ಟಿಗೆ ಸಿಗುವ ಜಾಗ ಬಹಳ ಕಿರಿದು, ಮತ್ತು ಅದನ್ನು ಸ್ಕ್ರೂವಿನ ಅಳತೆಗಳಲ್ಲೇ ಓದಬಹುದು.

ಹಂತ 1: ಪ್ರಶ್ನೆಯನ್ನು ಒಂದೇ ಅಳತೆಗೆ ಇಳಿಸಿ

ಮೂರು ಕಂಪನಿಗಳ ಸ್ಕ್ರೂ ತಂದು ಎಳೆದು ನೋಡಿ, 'ಮೊನೆಯ ಕಡೆ ಸಣ್ಣಗಾಗುವ ಸ್ಕ್ರೂ ಉತ್ತಮ' ಎಂದು ಬರೆಯುವುದು ಅತಿ ಸಾಮಾನ್ಯ ಎಡವಟ್ಟು. ಆ ಮೂರರಲ್ಲಿ ಆಕಾರ ಮಾತ್ರವಲ್ಲ, ಥ್ರೆಡ್ಡಿನ ಆಳ, ಪಿಚ್ (ಥ್ರೆಡ್ಡುಗಳ ನಡುವಿನ ದೂರ), ಮೊನೆ, ಮೇಲ್ಮೈ ಎಲ್ಲವೂ ಬೇರೆ ಬೇರೆ ಇರುತ್ತವೆ. ಯಾವುದರಿಂದ ಏನಾಯಿತು ಎಂದು ಯಾರೂ ಹೇಳಲಾರರು. ಮಾರುಕಟ್ಟೆಯ ಸ್ಕ್ರೂಗಳನ್ನೇ ಹೋಲಿಸುವುದಾದರೆ ತೀರ್ಮಾನದಲ್ಲೂ 'ಈ ಸ್ಕ್ರೂಗಿಂತ ಆ ಸ್ಕ್ರೂ' ಎಂದಷ್ಟೇ ಬರೆಯಿರಿ.

ವಿನ್ಯಾಸದ ಒಂದೇ ಅಂಶ ಪರೀಕ್ಷಿಸಬೇಕಿದ್ದರೆ ಸ್ಕ್ರೂವನ್ನು ಮಾಡಿಸಿಕೊಳ್ಳಬೇಕು. ಈ ವಿಷಯದಲ್ಲಿ ನಾವು ಪುಣ್ಯವಂತರು. ಪೀಣ್ಯದಲ್ಲಿ ಸಣ್ಣ ವ್ಯಾಸದ ಬಿಡಿಭಾಗ ತಿರುಗಿಸುವ ಸ್ವಿಸ್ ಮಾದರಿಯ ಸಿಎನ್‌ಸಿ ಲೇಥ್ ಇಟ್ಟುಕೊಂಡ ಶೆಡ್‌ಗಳು ಸಿಗುತ್ತವೆ. ಡ್ರಾಯಿಂಗ್ ಒಯ್ಯಿರಿ, ಗ್ರೇಡ್ 5 ಟೈಟಾನಿಯಂ ರಾಡ್‌ಗೆ ಮೆಟೀರಿಯಲ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಡ್ರಾಯಿಂಗ್ ನೋಡಿದ ಟರ್ನರ್ ಕೆಲವು ಸಲ ನಿಮ್ಮ ಗೈಡ್ ಹೇಳದ ಸತ್ಯವನ್ನು ಹೇಳುತ್ತಾರೆ. "ಥ್ರೆಡ್ ಇನ್ನೂ ಆಳ ತೆಗೆದ್ರೆ ನಡುವೆ ಏನೂ ಉಳಿಯಲ್ಲ ಸಾರ್, ಬಿಗಿ ಮಾಡೋವಾಗ್ಲೇ ತಿರುಚ್ಕೊಂಡು ಹೋಗುತ್ತೆ" ಎಂದು ಒಬ್ಬರು ನನ್ನೆದುರೇ ಒಬ್ಬ ವಿದ್ಯಾರ್ಥಿಗೆ ಹೇಳಿದ್ದರು. ಹಂತ 3ರ ಲೆಕ್ಕವೆಲ್ಲ ಅವರ ಆ ಒಂದು ವಾಕ್ಯದಲ್ಲೇ ಇದೆ.

ಹಂತ 2: ಪೆಟ್ಟಿಗೆಯನ್ನು ನಂಬದೆ ಅಳೆಯಿರಿ

ಲೇಬಲ್ ಮೇಲೆ 1.6 × 8 ಎಂದಿದ್ದರೆ 1.6 ಎಂಬುದು ಥ್ರೆಡ್ಡಿನ ಹೊರವ್ಯಾಸವೋ, ಕುತ್ತಿಗೆಯ ವ್ಯಾಸವೋ ಗೊತ್ತಾಗುವುದಿಲ್ಲ. ಸಣ್ಣಗಾಗುತ್ತ ಹೋಗುವ ಸ್ಕ್ರೂಗಳಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ವರ್ನಿಯರ್‌ನಿಂದ ಹೊರವ್ಯಾಸ ಸಿಕ್ಕೀತು, ಕೋರ್ (ಥ್ರೆಡ್ ಬಿಟ್ಟು ಉಳಿಯುವ ನಡುಭಾಗ) ಸಿಗದು. ವರ್ನಿಯರ್ ಬಾಯಿ ಥ್ರೆಡ್ ನಡುವೆ ಇಳಿಯುವುದೇ ಇಲ್ಲ. ಪ್ರೊಫೈಲ್ ಪ್ರೊಜೆಕ್ಟರ್ ಬೇಕು. ಇಂಜಿನಿಯರಿಂಗ್ ಕಾಲೇಜಿನ ಮೆಟ್ರಾಲಜಿ ಲ್ಯಾಬ್‌ನಲ್ಲಿ ಇರುತ್ತದೆ, ತುಮಕೂರು ರಸ್ತೆಯ ಸಿಎಂಟಿಐನಂಥ ಸಂಸ್ಥೆಯಲ್ಲೂ ಅಳತೆ ಸೌಲಭ್ಯ ಇದೆ.

ಪರದೆಯ ಮೇಲೆ ಸ್ಕ್ರೂವಿನ ನೆರಳು ದೊಡ್ಡದಾಗಿ ಬಿದ್ದಾಗ ಇವನ್ನು ಬರೆದುಕೊಳ್ಳಿ: ಹೊರವ್ಯಾಸ, ಕೋರ್ ವ್ಯಾಸ, ಪಿಚ್ (ಒಂದು ಥ್ರೆಡ್ಡಿನ ತುದಿಯಿಂದ ಮುಂದಿನದರ ತುದಿಗೆ ಇರುವ ದೂರ), ಥ್ರೆಡ್ಡಿನ ಮೇಲಿನ ಮತ್ತು ಕೆಳಗಿನ ಮುಖಗಳ ಕೋನ, ಸಣ್ಣಗಾಗುವುದು ಎಲ್ಲಿಂದ ಶುರು, ಮೊನೆಯಲ್ಲಿ ಕೊರೆಯಲು ಕೊಟ್ಟ ತೋಡು ಎಷ್ಟು ಉದ್ದ, ನಯವಾದ ಕುತ್ತಿಗೆ ಎಷ್ಟು ಉದ್ದ. ಹೊರವ್ಯಾಸದಿಂದ ಕೋರ್ ಕಳೆದು ಅರ್ಧ ಮಾಡಿದರೆ ಥ್ರೆಡ್ಡಿನ ಆಳ.

ಆ ತೋಡಿನ ಉದ್ದವನ್ನು ಬಹಳ ಜನ ಕಡೆಗಣಿಸುತ್ತಾರೆ. ತಾನೇ ಕೊರೆದುಕೊಂಡು ಹೋಗುವ ಸ್ಕ್ರೂಗಳಲ್ಲಿ ಅದು ಮೂಳೆಪುಡಿ ಹೊರಬರಲು ದಾರಿ. ತೋಡು ಇರುವ ಕಡೆ ಥ್ರೆಡ್ ತುಂಡಾಗಿರುತ್ತದೆ, ಮೂಳೆಯ ಸಂಪರ್ಕ ಕಡಿಮೆ. 6 ಮಿ.ಮೀ. ಉದ್ದದ ಗಿಡ್ಡ ಸ್ಕ್ರೂವಿನಲ್ಲಿ ತೋಡು ಉದ್ದವಾಗಿದ್ದರೆ ಅದು ಮೂಳೆಯ ಹೊರಗಿನ ಗಟ್ಟಿ ಪದರದೊಳಗೇ ಉಳಿದುಬಿಡಬಹುದು. ಹಿಡಿಯಬೇಕಾದ ಜಾಗದಲ್ಲೇ ಹಿಡಿತ ತಪ್ಪುತ್ತದೆ.

ಹಂತ 3: ಎಳೆಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ

ಮೂಳೆ ಸ್ಕ್ರೂಗಳಿಗೆ ಬಳಕೆಯಲ್ಲಿರುವ ಸೂತ್ರ ಸರಳ. ಕಿತ್ತುಬರುವ ಬಲ = ವಸ್ತುವಿನ ಶಿಯರ್ ಬಲ (ಕತ್ತರಿಸಿಹೋಗದಂತೆ ತಡೆಯುವ ಶಕ್ತಿ) × 3.14 × ಹೊರವ್ಯಾಸ × ವಸ್ತುವಿನೊಳಗಿರುವ ಥ್ರೆಡ್ಡಿನ ಉದ್ದ × ಆಕಾರಾಂಶ. ಆಕಾರಾಂಶ ಎಂದರೆ 0.5 + 0.577 × (ಥ್ರೆಡ್ಡಿನ ಆಳ ÷ ಪಿಚ್). ಸ್ಕ್ರೂ ಕಿತ್ತು ಬರುವಾಗ ಥ್ರೆಡ್ ತುದಿಗಳ ಸುತ್ತ ಒಂದು ಕೊಳವೆಯಷ್ಟು ಮೂಳೆ ಕತ್ತರಿಸಿಕೊಂಡು ಬರುತ್ತದೆ ಎಂಬುದು ಇದರ ಹಿಂದಿನ ಕಲ್ಪನೆ. ತೆಳುವಾದ ಗಟ್ಟಿ ಪದರಕ್ಕೆ ಇದು ಅಂದಾಜು ಮಾತ್ರ, ಆದರೆ ಹೋಲಿಕೆಗೆ ಸಾಕು.

ಒಂದು ಸ್ಕ್ರೂ ಹಿಡಿಯೋಣ: ಹೊರವ್ಯಾಸ 1.6, ಕೋರ್ 1.2, ಪಿಚ್ 0.7 ಮಿ.ಮೀ. ಆಳ 0.2. ಆಕಾರಾಂಶ 0.665. ಗಟ್ಟಿ ಮೂಳೆಯ ಶಿಯರ್ ಬಲ 65 ಮೆಗಾಪಾಸ್ಕಲ್, ಒಳಗಿನ ಸ್ಪಂಜು ಮೂಳೆಯದು 5 ಎಂದು ಇಟ್ಟುಕೊಳ್ಳಿ. 1 ಮಿ.ಮೀ. ಗಟ್ಟಿ ಪದರ ಕೊಡುವ ಹಿಡಿತ ಸುಮಾರು 217 ನ್ಯೂಟನ್. ಅದರ ಕೆಳಗೆ 5 ಮಿ.ಮೀ. ಸ್ಪಂಜು ಮೂಳೆ ಎಲ್ಲ ಸೇರಿ ಕೊಡುವುದು ಸುಮಾರು 84. ಒಂದು ಮಿಲಿಮೀಟರಿನ ತೆಳು ಪದರ ಅದರ ಐದರಷ್ಟು ಉದ್ದದ ಒಳಮೂಳೆಗಿಂತ ಎರಡೂವರೆ ಪಟ್ಟು ಹೆಚ್ಚು ಹಿಡಿಯುತ್ತದೆ. 8ರ ಬದಲು 10 ಮಿ.ಮೀ. ಸ್ಕ್ರೂ ಹಾಕಿದರೆ ಭದ್ರ ಎಂಬ ನಂಬಿಕೆಯನ್ನು ಇಲ್ಲೇ ಬಿಟ್ಟುಬಿಡಬಹುದು.

ಈಗ ಹಿಡಿತ ಹೆಚ್ಚಿಸುವ ಮೂರು ದಾರಿಗಳನ್ನು ನೋಡಿ.

ಥ್ರೆಡ್ ಆಳ ಮಾಡುವುದು ಮೊದಲನೆಯದು. ಹೊರವ್ಯಾಸ 1.6 ಹಾಗೇ ಇಟ್ಟು ಕೋರ್ 1.0ಗೆ ಇಳಿಸಿದರೆ ಆಳ 0.3. ಆಕಾರಾಂಶ 0.747. ಹಿಡಿತ ಶೇ. 12ರಷ್ಟು ಏರಿತು. ಆದರೆ ಸ್ಕ್ರೂ ತಿರುಚಿಕೊಂಡು ಮುರಿಯುವ ಬಲ ಕೋರ್ ವ್ಯಾಸದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಗ್ರೇಡ್ 5 ಟೈಟಾನಿಯಂನ ಶಿಯರ್ ಬಲ ಸುಮಾರು 550 ಮೆಗಾಪಾಸ್ಕಲ್ ಎಂದು ಹಿಡಿದರೆ 1.2 ಕೋರ್ ತಡೆಯುವ ಟಾರ್ಕ್ (ತಿರುಚುವ ಬಲ) ಸುಮಾರು 18.7 ನ್ಯೂಟನ್ ಸೆಂಟಿಮೀಟರ್, 1.0 ಕೋರ್ ತಡೆಯುವುದು 10.8. ಶೇ. 12 ಹಿಡಿತಕ್ಕಾಗಿ ಶೇ. 42ರಷ್ಟು ಗಟ್ಟಿತನ ಕಳೆದುಕೊಂಡೆವು. ಪೀಣ್ಯದ ಟರ್ನರ್ ಹೇಳಿದ್ದು ಇದನ್ನೇ.

ಪಿಚ್ ಕಿರಿದು ಮಾಡುವುದು ಎರಡನೆಯದು. 0.7ರಿಂದ 0.5ಕ್ಕೆ ಇಳಿಸಿದರೆ ಆಕಾರಾಂಶ 0.731, ಹಿಡಿತ ಶೇ. 10 ಹೆಚ್ಚು. ಕೋರ್ ಮುಟ್ಟಿಲ್ಲ, ಆದ್ದರಿಂದ ಮುರಿಯುವ ಭಯ ಏರಲಿಲ್ಲ. 1 ಮಿ.ಮೀ. ಪದರದಲ್ಲಿ ಒಂದೂವರೆ ಥ್ರೆಡ್ ಇದ್ದ ಕಡೆ ಎರಡು ಥ್ರೆಡ್ ಕೂರುತ್ತವೆ. ತೆಳು ಮೂಳೆಗೆ ಇದು ನನಗೆ ಬಹಳ ಇಷ್ಟವಾದ ಬದಲಾವಣೆ. ಬೆಲೆ ಇಲ್ಲವೆಂದಲ್ಲ, ಅದೇ ಆಳಕ್ಕೆ ಹೆಚ್ಚು ಸುತ್ತು ತಿರುಗಿಸಬೇಕು, ಉಜ್ಜಾಟ ಹೆಚ್ಚು.

ಮೂರನೆಯದು ಇಡೀ ಸ್ಕ್ರೂವನ್ನೇ ದಪ್ಪ ಮಾಡುವುದು. ಹೊರವ್ಯಾಸ 1.8, ಕೋರ್ 1.4 ಆದರೆ ಹಿಡಿತ ಶೇ. 12.5, ತಿರುಚು ತಡೆಯುವ ಬಲ ಶೇ. 59 ಹೆಚ್ಚುತ್ತದೆ. ಕೇಳಲು ಚೆಂದ, ಆದರೆ ಜಾಗ ಎಲ್ಲಿ? ಎರಡು ಹಲ್ಲಿನ ಬೇರುಗಳ ನಡುವೆ ಹಾಕುವಾಗ ಎರಡೂ ಬದಿ ಕನಿಷ್ಠ 1 ಮಿ.ಮೀ. ಬಿಡಬೇಕು ಎಂದರೆ 1.6ರ ಸ್ಕ್ರೂಗೇ 3.6 ಮಿ.ಮೀ. ಬೇಕು. ಬೇರಿಗೆ ತಾಗಿಕೊಂಡ ಸ್ಕ್ರೂ ಸಡಿಲವಾಗುವ ಸಾಧ್ಯತೆ ಹೆಚ್ಚು. 2003ರಲ್ಲಿ ಮಿಯಾವಾಕಿ ತಂಡ ರೋಗಿಗಳಲ್ಲಿ ಕಂಡದ್ದನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ: 1.0 ಮಿ.ಮೀ. ಸ್ಕ್ರೂಗಳು ಒಂದೂ ನಿಲ್ಲಲಿಲ್ಲ, 1.5ರವು ಶೇ. 83.9 ನಿಂತವು, 2.3ರವು ಶೇ. 85. ಒಂದರಿಂದ ಒಂದೂವರೆಗೆ ಹೋದಾಗ ಎಲ್ಲವೂ ಬದಲಾಯಿತು, ಅಲ್ಲಿಂದ ಮುಂದೆ ದಪ್ಪ ಮಾಡಿ ಸಿಕ್ಕಿದ್ದು ಏನೂ ಇಲ್ಲವೆನ್ನುವಷ್ಟು.

ಹಂತ 4: ಬ್ಲಾಕ್ ಅಥವಾ ಮೂಳೆ ಸಿದ್ಧ ಮಾಡಿ

ವಿನ್ಯಾಸಗಳನ್ನು ಹೋಲಿಸಲು ಪಾಲಿಯುರೆಥೇನ್ ಫೋಮ್ ಬ್ಲಾಕ್ ಒಳ್ಳೆಯದು, ಏಕೆಂದರೆ ಒಂದು ತುಂಡು ಇನ್ನೊಂದರಂತೆಯೇ ಇರುತ್ತದೆ. ಎಎಸ್‌ಟಿಎಂ ಎಫ್ 1839 ಮಾನಕದ (ಅಮೆರಿಕದ ಪರೀಕ್ಷಾ ಮಾನಕ ಸಂಸ್ಥೆಯದು) ಬ್ಲಾಕ್ ತರಿಸಿ. ಒಳಮೂಳೆಗೆ ಘನ ಸೆಂಟಿಮೀಟರಿಗೆ 0.32 ಗ್ರಾಂ, ಮೇಲಿನ ಗಟ್ಟಿ ಪದರಕ್ಕೆ 0.64ರಿಂದ 0.80 ಗ್ರಾಂ ಸಾಂದ್ರತೆಯ ತೆಳು ಹಾಳೆ ಅಂಟಿಸಿದ್ದು ಬಳಸುವ ವಾಡಿಕೆ ಇದೆ. ಪದರದ ದಪ್ಪವನ್ನೇ 1, 1.5, 2 ಮಿ.ಮೀ. ಎಂದು ಬದಲಿಸಿ ನೋಡಿದರೆ ನಿಮ್ಮ ಪ್ರಬಂಧದ ತೂಕ ಹೆಚ್ಚುತ್ತದೆ. ಬರೀ ಫೋಮ್ ಮೇಲೆ ಮಾಡಿದ ಪರೀಕ್ಷೆ ಬಾಯಿಯೊಳಗಿನ ಮೂಳೆಯ ಬಗ್ಗೆ ಹೇಳುವುದು ಕಡಿಮೆ.

ನಿಜ ಮೂಳೆಯೇ ಬೇಕೆಂದರೆ ಮಾಂಸದಂಗಡಿಯಿಂದ ಹಂದಿಯ ಪಕ್ಕೆಲುಬು ತರಬಹುದು. ಬೇಯಿಸಬೇಡಿ, ಫಾರ್ಮಲಿನ್‌ನಲ್ಲಿ ಹಾಕಬೇಡಿ, ಎರಡರಿಂದಲೂ ಮೂಳೆಯ ಗುಣ ಬದಲಾಗುತ್ತದೆ. ಸಲೈನ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಮೈನಸ್ 20 ಡಿಗ್ರಿಯಲ್ಲಿಟ್ಟು, ಪರೀಕ್ಷೆಯ ದಿನ ಕರಗಿಸಿ, ಕೆಲಸ ಮುಗಿಯುವವರೆಗೂ ತೇವ ಆರದಂತೆ ನೋಡಿಕೊಳ್ಳಿ. ಸ್ಕ್ರೂ ಹಾಕುವ ಪ್ರತಿ ಜಾಗದ ಗಟ್ಟಿ ಪದರದ ದಪ್ಪವನ್ನು ಸಿಬಿಸಿಟಿಯಲ್ಲಿ (ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್) ಅಳೆದು ಬರೆದಿಡಿ. ಒಂದೇ ಪಕ್ಕೆಲುಬಿನಲ್ಲೂ ಅದು ಏರಿಳಿಯುತ್ತದೆ. ಹಾಗಾಗಿ ಎಲ್ಲ ವಿನ್ಯಾಸಗಳೂ ಪ್ರತಿ ಮೂಳೆಗೂ ಹಂಚಿಹೋಗಲಿ. ಪ್ರಬಂಧದ ಸಿನಾಪ್ಸಿಸ್ (ರೂಪರೇಖೆ) ಕೊಡುವ ಮೊದಲು ಕಾಲೇಜಿನ ಎಥಿಕ್ಸ್ ಸಮಿತಿಗೆ ತಿಳಿಸಿ. ಒಂದು ಸ್ಕ್ರೂವಿಗೂ ಇನ್ನೊಂದಕ್ಕೂ ಕನಿಷ್ಠ 10 ಮಿ.ಮೀ. ಅಂತರವಿರಲಿ.

ಹಂತ 5: ಕೂರಿಸುವಾಗಿನ ಟಾರ್ಕ್ ಬರೆದುಕೊಳ್ಳಿ

ಕಿತ್ತು ನೋಡುವುದಕ್ಕಿಂತ ಹೆಚ್ಚು ಕಲಿಸುವ ಹಂತ ಇದು. ಎಎಸ್‌ಟಿಎಂ ಎಫ್ 543ರ ಪ್ರಕಾರ ನಿಮಿಷಕ್ಕೆ 1ರಿಂದ 5 ಸುತ್ತಿನ ನಿಧಾನ ವೇಗದಲ್ಲಿ ತಿರುಗಿಸಬೇಕು. ಟಾರ್ಕ್ ಸೆನ್ಸರ್ ಇದ್ದರೆ ಗರಿಷ್ಠ ಸಂಖ್ಯೆಯೊಂದನ್ನೇ ಬರೆದುಕೊಳ್ಳದೆ ಇಡೀ ಗೆರೆ ಉಳಿಸಿಕೊಳ್ಳಿ.

ಆ ಗೆರೆಯಲ್ಲಿ ವಿನ್ಯಾಸ ಕಣ್ಣಿಗೆ ಕಾಣುತ್ತದೆ. ಉದ್ದಕ್ಕೂ ಒಂದೇ ದಪ್ಪದ ಸ್ಕ್ರೂ ಗಟ್ಟಿ ಪದರ ದಾಟುವಾಗ ಟಾರ್ಕ್ ಏರಿ, ಆಮೇಲೆ ಮಟ್ಟವಾಗಿ ಸಾಗುತ್ತದೆ. ಮೊನೆಯಿಂದ ಮೇಲಕ್ಕೆ ದಪ್ಪವಾಗುತ್ತ ಹೋಗುವ ಸ್ಕ್ರೂವಿನ ಗೆರೆ ಕೊನೆಯ ಸುತ್ತಿನವರೆಗೂ ಏರುತ್ತಲೇ ಇರುತ್ತದೆ. ಇಳಿದಂತೆಲ್ಲ ದಪ್ಪ ಭಾಗ ಬಂದು ಮೂಳೆಯನ್ನು ಬದಿಗೆ ಒತ್ತುತ್ತದೆ. ಅದರ ಆರಂಭದ ಹಿಡಿತ ಹೆಚ್ಚಿರುವುದು ಈ ಒತ್ತಡದಿಂದಲೇ. ಇದರಲ್ಲಿ ಒಂದು ಬಲೆ ಇದೆ, ವೈದ್ಯರು ತಿಳಿದಿರಲೇಬೇಕು: ತಲೆ ಸರಿಯಾದ ದಿಕ್ಕಿಗೆ ಬರಲಿ ಎಂದು ಕಾಲು ಸುತ್ತೋ ಅರ್ಧ ಸುತ್ತೋ ಹಿಂದಕ್ಕೆ ತಿರುಗಿಸಿದರೆ ಸ್ಕ್ರೂವಿನ ಸಣ್ಣ ಭಾಗ ದೊಡ್ಡದಾದ ತೂತಿಗೆ ಬರುತ್ತದೆ, ಹಿಡಿತ ತಟ್ಟನೆ ಬೀಳುತ್ತದೆ. ಒಂದೇ ದಪ್ಪದ ಸ್ಕ್ರೂವಿನಲ್ಲಿ ಈ ನಷ್ಟ ಇಷ್ಟಿಲ್ಲ. ನಿಮ್ಮ ಪರೀಕ್ಷೆಯಲ್ಲೂ ಹಿಂದಕ್ಕೆ ತಿರುಗಿಸಬೇಡಿ.

ಎಷ್ಟು ಟಾರ್ಕ್ ಸಾಕು? ಮೊಟೊಯೋಶಿ ತಂಡ 2006ರಲ್ಲಿ 1.6 ಮಿ.ಮೀ. ಸ್ಕ್ರೂಗಳಿಗೆ 5ರಿಂದ 10 ನ್ಯೂಟನ್ ಸೆಂಟಿಮೀಟರ್ ಒಳಗಿರಲಿ ಎಂದಿತು. ಅದಕ್ಕಿಂತ ಕಡಿಮೆಯಾದರೆ ಸ್ಕ್ರೂ ಅಲುಗುತ್ತದೆ, ಹೆಚ್ಚಾದರೆ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಬಿದ್ದು, ರಕ್ತಸಂಚಾರ ಕುಗ್ಗಿ, ಸುತ್ತಲಿನ ಮೂಳೆ ಕರಗಲು ಶುರುವಾಗುತ್ತದೆ. ಆ ದಿನ ಬಿಗಿಯಾಗಿ ನಿಂತ ಸ್ಕ್ರೂ ಕೆಲವು ವಾರಗಳಲ್ಲಿ ಸಡಿಲವಾಗುವುದಕ್ಕೆ ಇದೂ ಒಂದು ಕಾರಣ. ಮೇಲೆ ಲೆಕ್ಕ ಹಾಕಿದ 1.0 ಕೋರ್ ಸ್ಕ್ರೂ ಮುರಿಯುವುದು 10.8ರಲ್ಲಿ ಎಂಬುದು ನೆನಪಿದೆಯಲ್ಲ? ಸುರಕ್ಷಿತ ಎನ್ನುವ ಮಿತಿಯ ಮೇಲ್ತುದಿಯಲ್ಲೇ ಅದು ತುಂಡಾಗಲು ಸಿದ್ಧವಾಗಿರುತ್ತದೆ.

ಹಂತ 6: ನೇರ ಎಳೆದು ನೋಡಿ

ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್‌ನಲ್ಲಿ ನಿಮಿಷಕ್ಕೆ 5 ಮಿ.ಮೀ. ವೇಗ. ಬ್ಲಾಕ್ ಅದುಮಿ ಹಿಡಿಯುವ ತಟ್ಟೆಯ ತೂತು ಸ್ಕ್ರೂವಿನ ಹೊರವ್ಯಾಸದ ಐದು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ತಟ್ಟೆಯೇ ಸುತ್ತಲಿನ ಫೋಮ್‌ಗೆ ಬಲ ಕೊಟ್ಟು ಸುಳ್ಳು ಹಿಡಿತ ತೋರಿಸುತ್ತದೆ. ಲೋಡ್ ಸೆಲ್ (ಬಲ ಅಳೆಯುವ ಸೆನ್ಸರ್) 500 ನ್ಯೂಟನ್ ಅಥವಾ 1 ಕಿಲೋನ್ಯೂಟನ್‌ನದು ಕೇಳಿ. ಕಾಂಕ್ರೀಟ್ ಕ್ಯೂಬ್ ಒಡೆಯುವ ಮೆಷಿನ್ ಮೇಲೆ ಈ ಕೆಲಸ ಮಾಡಿಸಿದರೆ ನಿಮ್ಮ ಇಡೀ ಫಲಿತಾಂಶ ಅದರ ದೋಷದ ಅಳತೆಯೊಳಗೇ ಮುಳುಗಿಹೋಗುತ್ತದೆ.

ಸ್ಕ್ರೂ ಎಳೆತದ ಗೆರೆಗೆ ನೇರವಾಗಿರಬೇಕು, ಓರೆಯಾದರೆ ಒಂದು ಬದಿ ಮೊದಲು ಹರಿಯುತ್ತದೆ. ಮೊದಲು ಗ್ರಾಫ್ ನೇರವಾಗಿ ಏರುತ್ತದೆ, ತುದಿಗೆ ಬರುವಾಗ ಸ್ವಲ್ಪ ಬಾಗುತ್ತದೆ, ಒಂದು ಸಣ್ಣ 'ಟಿಕ್' ಸದ್ದಿನೊಂದಿಗೆ ಗಟ್ಟಿ ಹಾಳೆ ಬಿಡುತ್ತದೆ, ಬಲ ಧಡಕ್ಕನೆ ಇಳಿಯುತ್ತದೆ. ಅಲ್ಲಿಗೆ ಮುಗಿಯಿತೆಂದು ಸ್ಕ್ರೂವನ್ನು ಡಬ್ಬಿಗೆ ಹಾಕಬೇಡಿ. ಲೆನ್ಸ್ ಹಿಡಿದು ನೋಡಿ. ಥ್ರೆಡ್‌ಗಳ ನಡುವೆ ಫೋಮ್ ಒತ್ತಾಗಿ ತುಂಬಿ, ಸ್ಕ್ರೂ ನಯವಾದ ಒಂದು ಕಡ್ಡಿಯಂತೆ ಕಂಡರೆ ವಸ್ತು ಥ್ರೆಡ್ ತುದಿಯಲ್ಲೇ ಕತ್ತರಿಸಿಕೊಂಡಿದೆ, ಸೂತ್ರ ಊಹಿಸಿದ್ದು ಅದನ್ನೇ. ಥ್ರೆಡ್ ಖಾಲಿಯಾಗಿ ಹೊಳೆಯುತ್ತಿದ್ದರೆ ಕೂರಿಸುವಾಗಲೇ ತೂತು ಹಿಗ್ಗಿಹೋಗಿತ್ತು. ತಲೆಯ ಕೆಳಗೆ ಹಾಳೆಯೇ ಶಂಕುವಿನಂತೆ ಎದ್ದು ಬಂದಿದ್ದರೆ ಪದರ ತೆಳುವಾಗಿತ್ತು, ನೀವು ಅಳೆದದ್ದು ಥ್ರೆಡ್ಡನ್ನಲ್ಲ. ಈ ಮೂರನ್ನೂ ಒಂದೇ ಸರಾಸರಿಗೆ ಸೇರಿಸಬೇಡಿ, ಫೋಟೋ ತೆಗೆದು ಬೇರೆ ಬೇರೆ ಬರೆಯಿರಿ.

ಥ್ರೆಡ್ಡಿನ ಆಕಾರದ ಪರಿಣಾಮ ಚೆನ್ನಾಗಿ ಕಾಣುವುದು ಈ ಹಂತದಲ್ಲಿ. ತಲೆಯ ಕಡೆಗಿನ ಮುಖ ಹೆಚ್ಚುಕಡಿಮೆ ಸಮತಟ್ಟಾಗಿಯೂ ಮೊನೆಯ ಕಡೆಗಿನದು ಇಳಿಜಾರಾಗಿಯೂ ಇರುವ ಬಟ್ರೆಸ್ ಥ್ರೆಡ್ ನೇರ ಎಳೆತವನ್ನು ತಡೆಯಲೆಂದೇ ಇರುವಂಥದ್ದು.

ಹಂತ 7: ಅಡ್ಡಡ್ಡ ಎಳೆಯಿರಿ, ಇದನ್ನು ಬಿಡಬೇಡಿ

ಬಾಯಲ್ಲಿ ಸ್ಕ್ರೂವನ್ನು ಯಾರೂ ನೇರವಾಗಿ ಕೀಳುವುದಿಲ್ಲ. ಸ್ಪ್ರಿಂಗ್ ಅಥವಾ ರಬ್ಬರ್ ಚೈನ್ ಅದನ್ನು ಬದಿಗೆ ಎಳೆಯುತ್ತದೆ, ಅದೂ 150ರಿಂದ 300 ಗ್ರಾಂ, ಅಂದರೆ ಒಂದೂವರೆಯಿಂದ ಮೂರು ನ್ಯೂಟನ್. ನಮ್ಮ ಲೆಕ್ಕದ 217 ನ್ಯೂಟನ್ ಇದರ ನೂರು ಪಟ್ಟಿನ ಆಸುಪಾಸು. ಇಷ್ಟಿದ್ದೂ ಸ್ಕ್ರೂಗಳು ಸೋಲುತ್ತವೆ ಎಂದರೆ ಕಾರಣ ಕಿತ್ತುಬರುವ ಬಲದಲ್ಲಿಲ್ಲ.

ಹೊಲದ ಬೇಲಿಯ ಗೂಟ ನೆನಪಿಸಿಕೊಳ್ಳಿ. ದನ ಒರಗಿದಾಗ ಗೂಟ ಮೇಲೆದ್ದು ಬರುವುದಿಲ್ಲ, ನೆಲದ ಮಟ್ಟದಲ್ಲಿ ಮಣ್ಣನ್ನು ತಳ್ಳಿ ಅಲ್ಲಾಡತೊಡಗುತ್ತದೆ. ಸ್ಕ್ರೂವಿನಲ್ಲೂ ಒತ್ತಡವೆಲ್ಲ ಬೀಳುವುದು ಗಟ್ಟಿ ಪದರದ ಬಾಯಿಯ ಮೇಲೆ. ಅಲ್ಲಿ ಮುಖ್ಯವಾಗುವುದು ಮೇಲ್ಭಾಗದ ದಪ್ಪ ಮತ್ತು ತಲೆ ಮೂಳೆಯಿಂದ ಎಷ್ಟು ಎತ್ತರದಲ್ಲಿದೆ ಎಂಬುದು. 2 ನ್ಯೂಟನ್ ಬಲ ಮೂಳೆಯಿಂದ 3 ಮಿ.ಮೀ. ಮೇಲೆ ಬಿದ್ದರೆ ಬಾಗಿಸುವ ಶಕ್ತಿ 6 ನ್ಯೂಟನ್ ಮಿಲಿಮೀಟರ್, 5 ಮಿ.ಮೀ. ಮೇಲೆ ಬಿದ್ದರೆ 10. ವಸಡು ದಪ್ಪಗಿರುವ ಅಂಗುಳಿನ ಬದಿಯಲ್ಲಿ ಹಾಕಿದಾಗ ಆಗುವುದು ಇದೇ. ಥ್ರೆಡ್ ಎಷ್ಟೇ ಚೆನ್ನಾಗಿರಲಿ, ಉದ್ದ ಕುತ್ತಿಗೆಯ ಸ್ಕ್ರೂವನ್ನು ತೆಳು ವಸಡಿನ ಜಾಗದಲ್ಲಿ ಹೊರಗೆ ಚಾಚಿಸಿಟ್ಟರೆ ಅದೆಲ್ಲ ವ್ಯರ್ಥ.

ಬ್ಲಾಕನ್ನು 90 ಡಿಗ್ರಿ ತಿರುಗಿಸಿ, ತಲೆಗೆ ವೈರ್ ಸುತ್ತಿ ಎಳೆಯಿರಿ. ಮುರಿಯುವವರೆಗೆ ಎಳೆಯುವುದಕ್ಕಿಂತ ತಲೆ 0.1 ಮಿ.ಮೀ. ಜರುಗಲು ಎಷ್ಟು ಬಲ ಬೇಕಾಯಿತು ಎಂಬಂಥ ಅಳತೆ ಹೆಚ್ಚು ಉಪಯುಕ್ತ. ನೇರ ಎಳೆತದಲ್ಲಿ ಗೆದ್ದ ಸ್ಕ್ರೂ ಇಲ್ಲಿ ಹಿಂದೆ ಬಿದ್ದರೆ ಅಚ್ಚರಿಪಡಬೇಡಿ, ಪ್ರಬಂಧದ ನಿಜವಾದ ವಿಷಯ ಅದೇ.

ಸಂಖ್ಯಾಶಾಸ್ತ್ರದ ಬಗ್ಗೆ ಒಂದೇ ಮಾತು: ಸ್ಯಾಂಪಲ್ ಎಷ್ಟು ಬೇಕೆಂದು ಸ್ಕ್ರೂ ಆರ್ಡರ್ ಮಾಡುವ ಮೊದಲೇ ಸ್ಟ್ಯಾಟಿಸ್ಟಿಶಿಯನ್‌ ಬಳಿ ಕೂತು ಲೆಕ್ಕ ಹಾಕಿಸಿ. ಒಮ್ಮೆ ಹಾಕಿ ಕಿತ್ತ ಸ್ಕ್ರೂವನ್ನು ಮತ್ತೆ ಬಳಸಬೇಡಿ.

ಹಂತ 8: ರೋಗಿಗೆ ಆರಿಸುವಾಗ

ಮೊದಲು ಮೂಳೆ ನೋಡಿ, ಆಮೇಲೆ ಸ್ಕ್ರೂ. ಗಟ್ಟಿ ಪದರ 1 ಮಿ.ಮೀ.ಗಿಂತ ತೆಳುವಿದ್ದರೆ ಬೇರೆ ಜಾಗ ಹುಡುಕುವುದು ಬೇರೆ ವಿನ್ಯಾಸ ಹುಡುಕುವುದಕ್ಕಿಂತ ಮೇಲು. ಜಾಗ ಬದಲಿಸಲಾಗದಿದ್ದರೆ ಕಿರಿದು ಪಿಚ್‌ನ, ಮೇಲ್ಭಾಗ ದಪ್ಪಗಿರುವ ಸ್ಕ್ರೂ ತೆಗೆದುಕೊಳ್ಳಿ.

ಮೇಲ್ದವಡೆಯಲ್ಲಿ ಎರಡನೇ ಮುಂದವಡೆಹಲ್ಲು ಮತ್ತು ಮೊದಲ ದವಡೆಹಲ್ಲಿನ ನಡುವೆ 1.4ರಿಂದ 1.6 ದಪ್ಪದ, ಸಣ್ಣಗಾಗುತ್ತ ಹೋಗುವ, ತಾನೇ ಕೊರೆದುಕೊಳ್ಳುವ ಸ್ಕ್ರೂ ಸರಿಯಾಗುತ್ತದೆ. ಅಲ್ಲಿ ಮೂಳೆ ಮೆತ್ತಗಿರುವುದರಿಂದ ಬದಿಗೆ ಒತ್ತುವ ಆಕಾರ ಸಹಾಯಕ್ಕೆ ಬರುತ್ತದೆ. ಕೆಳದವಡೆಯ ಹಿಂಬದಿಯ ಹೊರ ಅಂಚಿನ ಮೂಳೆ ಇದಕ್ಕೆ ತದ್ವಿರುದ್ಧ, ಕಲ್ಲಿನಂತಿರುತ್ತದೆ. ಅಲ್ಲಿ ಹಿಡಿತದ ಚಿಂತೆ ಬೇಡ, ಟಾರ್ಕ್‌ನದ್ದೇ ಚಿಂತೆ. ಅದಕ್ಕೇ ಆ ಜಾಗಕ್ಕೆ 2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಕೆಗೆ ಬಂದಿದೆ. ತೆಳು ಸ್ಕ್ರೂ ಹಾಕಲೇಬೇಕಾದರೆ ಗಟ್ಟಿ ಪದರವನ್ನಷ್ಟೇ ಮೊದಲು ಡ್ರಿಲ್‌ನಿಂದ ಚುಚ್ಚಿಕೊಳ್ಳಿ.

ಕೋನವೂ ವಿನ್ಯಾಸದಷ್ಟೇ ಕೆಲಸ ಮಾಡುತ್ತದೆ. ವಿಲ್ಮೆಸ್ ತಂಡ 2008ರಲ್ಲಿ ಹಂದಿಯ ಮೂಳೆಯಲ್ಲಿ ನೋಡಿದಾಗ ಮೇಲ್ಮೈಗೆ 60ರಿಂದ 70 ಡಿಗ್ರಿ ಓರೆಯಲ್ಲಿ ಟಾರ್ಕ್ ಅತಿ ಹೆಚ್ಚಿತ್ತು. ಸ್ವಲ್ಪ ಓರೆಯಾದಾಗ ಗಟ್ಟಿ ಪದರದೊಳಗಿನ ಥ್ರೆಡ್ಡಿನ ಉದ್ದ ಹೆಚ್ಚುತ್ತದೆ. ಅತಿಯಾಗಿ ಓರೆ ಮಾಡಿದರೆ ತಲೆ ಮೂಳೆಯಿಂದ ದೂರ ಉಳಿದು ಹಂತ 7ರ ತೊಂದರೆ ಶುರುವಾಗುತ್ತದೆ.

ಸಡಿಲವಾಗಿ ತೆಗೆದ ಸ್ಕ್ರೂವನ್ನು ಎಸೆಯುವ ಮೊದಲು ಒಂದು ನಿಮಿಷ ಕೊಡಿ. ತೊಳೆದು ಲೆನ್ಸ್ ಕೆಳಗಿಟ್ಟು ಮೊನೆ ಬಾಗಿದೆಯೇ, ಥ್ರೆಡ್ ನಡುವೆ ಮೆತ್ತನೆಯ ಅಂಗಾಂಶ ಇದೆಯೇ ನೋಡಿ. ಯಾವ ಹಲ್ಲುಗಳ ನಡುವೆ, ಎಷ್ಟು ಟಾರ್ಕ್‌ನಲ್ಲಿ, ಯಾರು ಹಾಕಿದ್ದು, ಎಷ್ಟನೇ ವಾರ ಅಲುಗಿತು, ಸುತ್ತಲಿನ ವಸಡು ಕೆಂಪಾಗಿತ್ತೇ, ಇಷ್ಟನ್ನೂ ಕೇಸ್ ಶೀಟ್‌ನಲ್ಲಿ ಬರೆಯಿರಿ. ಮೊದಲ ವಾರಗಳಲ್ಲೇ ಅಲುಗಿದವು ಒಂದು ಕಡೆ, ವಸಡು ಊದಿಕೊಂಡ ಮೇಲೆ ಅಲುಗಿದವು ಇನ್ನೊಂದು ಕಡೆ ಎಂದು ವಿಂಗಡಿಸಿ. ಸ್ಕ್ರೂ ಬದಲಿಸಬೇಕೆಂಬ ಯೋಚನೆ ಮೊದಲ ಗುಂಪಿಗೆ, ಬ್ರಷ್ ಹಿಡಿಯುವುದನ್ನು ಮತ್ತೆ ಹೇಳಿಕೊಡುವುದು ಎರಡನೇ ಗುಂಪಿಗೆ.